ಕಾಲು ಬ್ರೇಕಲ್ಲ

ಶಾಲೆಗಳ ದೊಡ್ಡ ರಜೆ ಮುಗಿದ ಮೇಲೆ ನಮ್ಮ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತವರನ್ನು ನೋಡಿದರೆ ಸಾಕು, ಯಾರು ಎಲ್ಲಿಗೆ ಹೋಗಿ ಬಂದರೆಂದು ಅಂದಾಜು ಸಿಗುತ್ತದೆ. ಒಂದು ಬದಿಗೆ ವಾಲಿ, ಅರ್ಧ ಕೂತು ಅರ್ಧ ನಿಂತಂತಿರುವ ಹೆಂಗಸು ಹಿಮದ ಹಾಲ್‌ನಲ್ಲಿ ಜಾರಿ ಬಂದವರು. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹನ್ನೆರಡರ ಹುಡುಗ ಮನೆ ಹಿಂದಿನ ಹುಲ್ಲಿನ ದಿಬ್ಬದಿಂದ ರಟ್ಟಿನ ಮೇಲೆ ಇಳಿದವನು. ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿದ ಎರಡೂವರೆ ವರ್ಷದ ಕೂಸು, ಪಕ್ಕದಲ್ಲಿ ಮುಖ ಇಳಿಬಿಟ್ಟ ಅಪ್ಪ ಇದ್ದರಂತೂ ಕೇಳುವುದೇ ಬೇಡ. ಅಪ್ಪನ ತೊಡೆಯ ಮೇಲೆ ಕೂತು ಜಾರಿದ ಕೂಸು ಅದು.

ನಾನು ಫಿಸಿಯೋಥೆರಪಿಸ್ಟ್. ಹುಟ್ಟೂರು ಕಾಸರಗೋಡಿನ ಬದಿಯಡ್ಕದ ಹತ್ತಿರ, ಕಲಿತದ್ದು ಮಂಗಳೂರಿನಲ್ಲಿ, ಕೆಲಸ ಕ್ವಾಲಾಲಂಪುರದ ಪಕ್ಕದ ಪೆಟಾಲಿಂಗ್ ಜಯಾದಲ್ಲಿ. ಭೂಮಧ್ಯರೇಖೆಯಿಂದ ಮೂರು ಡಿಗ್ರಿ ಉತ್ತರಕ್ಕಿರುವ ಈ ಊರಿನಲ್ಲಿ ಸ್ಲೆಡ್ ಎಂಬ ಹಿಮದ ಜಾರುಬಂಡಿಯ ಗಾಯಗಳನ್ನು ನೋಡುತ್ತೇನೆಂದರೆ ಊರಿನವರು ನಗುತ್ತಾರೆ. ಆದರೆ ಜಾರುವ ಆಸೆಗೆ ಹಿಮವೇ ಬೇಕೆಂದಿಲ್ಲ, ಹಿಮ ಬೇಕೆಂದರೂ ದುಡ್ಡು ಕೊಟ್ಟರೆ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ಜೆಂಟಿಂಗ್ ಹೈಲ್ಯಾಂಡ್ಸ್‌ನಲ್ಲಿ ಸ್ನೋವರ್ಲ್ಡ್ ಇದೆ. ಶಾ ಆಲಂನ ಐ-ಸಿಟಿಯಲ್ಲಿ ಸ್ನೋವಾಕ್ ಇದೆ. ಎರಡೂ ಕಡೆ ಒಳಗೆ ಸೊನ್ನೆಗಿಂತ ಕೆಳಗಿನ ಚಳಿ, ಹೊರಗೆ ಕೊಡೆ ಹಿಡಿಯಬೇಕಾದ ಬಿಸಿಲು ಅಥವಾ ಮಳೆ. ಬೆಂಗಳೂರಿನ ಸ್ನೋ ಸಿಟಿ ಕಂಡವರಿಗೆ ಇದು ಹೊಸತಲ್ಲ. ಪಿನಾಂಗ್‌ನ ತೆಲುಕ್ ಬಹಾಂಗ್‌ನಲ್ಲಿರುವ ಎಸ್ಕೇಪ್ ಪಾರ್ಕಿನಲ್ಲಿ ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ನೀರಿನೊಂದಿಗೆ ಗುಡ್ಡ ಇಳಿಯುವ ಜಾರುದಾರಿಯ ಉದ್ದ 1,111 ಮೀಟರ್. 2019ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದು ಅದು. ಕ್ವಾಲಾಲಂಪುರದ ಉತ್ತರಕ್ಕೆ ಗಮುಡಾ ಗಾರ್ಡನ್ಸ್‌ನಲ್ಲಿ ಸ್ಕೈಲೈನ್ ಲೂಜ್ ಬಂದಿದೆ. 1985ರಲ್ಲಿ ನ್ಯೂಜಿಲೆಂಡಿನ ರೊಟೊರುವಾದಲ್ಲಿ ಶುರುವಾದ, ಮೂರು ಚಕ್ರದ ಪುಟ್ಟ ಬಂಡಿಯಲ್ಲಿ ಕೂತು ಇಳಿಜಾರು ಇಳಿಯುವ ಆಟ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಮೂವತ್ತು ದಿನ ವೀಸಾ ಬೇಡವೆಂದಾದ ಮೇಲೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕುಟುಂಬಗಳು ಬತು ಕೇವ್ಸ್‌ನ ಮುರುಗನಿಗೆ ಕೈಮುಗಿದು ಅದೇ ದಿನ ಇಂಥ ಒಂದು ಜಾಗಕ್ಕೂ ಹೋಗುವುದು ರೂಢಿಯಾಗಿದೆ. ಹೆಸರು ಹೇಳಿದ್ದು ಯಾವ ಬಗೆಯ ಜಾಗವೆಂದು ಗೊತ್ತಾಗಲಿ ಎಂದಷ್ಟೆ. ಮುಂದೆ ಬರುವ ಪೆಟ್ಟುಗಳು ಇವುಗಳಲ್ಲಿ ಆದವೆಂದು ಯಾರೂ ತಿಳಿಯಬಾರದು.

ತೊಡೆಯ ಮೇಲಿನ ಕೂಸಿನ ವಿಷಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇದನ್ನು ಹೇಳಿದರೆ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ಪರಿಚಯದವರೊಬ್ಬರ ನೆಂಟರು ಮೈಸೂರಿನಿಂದ ಬಂದಿದ್ದರು. ಮಗಳಿಗೆ ಮೂರು ತುಂಬಿರಲಿಲ್ಲ. ಒಂದು ಆಟದ ತಾಣದಲ್ಲಿ ಮಗು ಒಬ್ಬಳೇ ಹೆದರುತ್ತಾಳೆಂದು ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕೈಯಿಂದ ಅಪ್ಪಿ ಹಿಡಿದು ಜಾರಿದರು. ಅರ್ಧದಲ್ಲಿ ಮಗುವಿನ ಶೂವಿನ ರಬ್ಬರ್ ತಳ ಅಂಚಿಗೆ ಒತ್ತಿ ಹಿಡಿದುಕೊಂಡಿತು. ಪಾದ ಅಲ್ಲೇ ನಿಂತಿತು. ಅಪ್ಪನ ಎಂಬತ್ತು ಕಿಲೋ ಮುಂದಕ್ಕೆ ಹೋಯಿತು. ಕೆಳಗೆ ಬಂದು ಇಳಿಸಿದರೆ ಮಗು ಕಾಲೂರಲಿಲ್ಲ. ಊತವಿಲ್ಲ, ಗಾಯವಿಲ್ಲ, ರಕ್ತವಿಲ್ಲ. ಹಟ ಮಾಡುತ್ತಿದ್ದಾಳೆಂದು ಅಜ್ಜಿ ಐಸ್‌ಕ್ರೀಂ ಕೊಡಿಸಿದರಂತೆ. ಸಂಜೆ ಹೋಟೆಲಿನಲ್ಲಿಯೂ ನಿಲ್ಲದಿದ್ದಾಗ ನನಗೆ ಫೋನ್ ಬಂತು.

"ಮೇಡಂ, ನಾನು ಬಿಗಿಯಾಗಿಯೇ ಹಿಡಿದುಕೊಂಡಿದ್ದೆ," ಎಂದರು ಅಪ್ಪ.

ಬಿಗಿಯಾಗಿ ಹಿಡಿದದ್ದರಿಂದಲೇ ಆದದ್ದು ಎಂದು ಆ ಹೊತ್ತಿಗೆ ಹೇಳಲಿಲ್ಲ. ವಿಷಯ ಇಷ್ಟೆ: ಮಗು ಒಂಟಿಯಾಗಿ ಜಾರುತ್ತಿದ್ದರೆ ಶೂ ಸಿಕ್ಕಿಕೊಂಡ ಕೂಡಲೇ ಅದರ ಹನ್ನೆರಡು-ಹದಿಮೂರು ಕಿಲೋ ಮೈ ಅಲ್ಲೇ ನಿಂತುಬಿಡುತ್ತಿತ್ತು, ಹೆಚ್ಚೆಂದರೆ ಮಗ್ಗುಲಿಗೆ ಹೊರಳುತ್ತಿತ್ತು. ದೊಡ್ಡವರ ಮೈಭಾರ ಹಿಂದಿನಿಂದ ತಳ್ಳಿದಾಗ ಪಾದ ಒಂದು ಕಡೆ, ಮಂಡಿ ಇನ್ನೊಂದು ಕಡೆ ತಿರುಗಿ ನಡುವಿನ ಟಿಬಿಯಾ ಮೂಳೆ ಸುರುಳಿಯಾಗಿ ಸೀಳುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಚಾರ್ಲ್ಸ್ ಜೆನಿಸೆನ್ ಮತ್ತವರ ತಂಡ 2017ರಲ್ಲಿ ಮಕ್ಕಳ ವೈದ್ಯರ ಸಮ್ಮೇಳನವೊಂದರಲ್ಲಿ ಈ ಲೆಕ್ಕ ಮುಂದಿಟ್ಟಿತು. 2002ರಿಂದ 2015ರವರೆಗೆ ಆ ದೇಶದಲ್ಲಿ ಆರು ವರ್ಷದೊಳಗಿನ ಮೂರೂವರೆ ಲಕ್ಷದಷ್ಟು ಮಕ್ಕಳು ಜಾರುಬಂಡೆಯಲ್ಲಿ ಪೆಟ್ಟು ಮಾಡಿಕೊಂಡಿದ್ದರು. ಅತಿ ಹೆಚ್ಚಿನವರು ಒಂದರಿಂದ ಎರಡು ವರ್ಷದ ಒಳಗಿನವರು. ಮುರಿದದ್ದರಲ್ಲಿ ಹೆಚ್ಚಿನದು ಮಂಡಿಯ ಕೆಳಗಿನ ಕಾಲು. ಇದಕ್ಕೆ ಹೆಚ್ಚಾಗಿ ಕಾರಣ ಅಪ್ಪ-ಅಮ್ಮಂದಿರ ತೊಡೆ ಎಂಬುದು ಅವರ ಅಂದಾಜು. ಮಕ್ಕಳ ಪಾರ್ಕಿನ ಸಾಮಾನ್ಯ ಜಾರುಬಂಡೆಯ ಲೆಕ್ಕ ಅದು. ಹಿಮದ ದಿಬ್ಬ, ಟ್ಯೂಬು ಎಂದರೆ ವೇಗ ಇನ್ನೂ ಹೆಚ್ಚು.

ಹಾಗಾದರೆ ಎರಡು ವರ್ಷದ ಮಗುವನ್ನು ದೊಡ್ಡ ಇಳಿಜಾರಿನಲ್ಲಿ ಒಂಟಿಯಾಗಿ ಬಿಡಬೇಕೇ ಎಂದು ಕೇಳುತ್ತಾರೆ. ಬಿಡಬಾರದು. ಐದು ವರ್ಷದೊಳಗಿನವರನ್ನು ಸ್ಲೆಡ್ ಮೇಲೆ ಒಂಟಿಯಾಗಿ ಕಳಿಸಬೇಡಿ ಎಂದು ಹಿಮದ ದೇಶಗಳ ಮಕ್ಕಳ ವೈದ್ಯರೂ ಹೇಳುತ್ತಾರೆ. ಒಂಟಿಯಾಗಿ ಹೋಗಲಾಗದ ಮಗುವಿಗೆ ಆ ಇಳಿಜಾರು ಇನ್ನೂ ಬೇಡ ಎಂಬುದು ನನ್ನ ತೀರ್ಮಾನ. ಚಿಕ್ಕವರಿಗೆಂದೇ ಇರುವ ಸಣ್ಣ ದಿಬ್ಬದಲ್ಲಿ ಅವರೇ ಜಾರಲಿ, ನೀವು ಕೆಳಗೆ ನಿಲ್ಲಿ. ಟಿಕೆಟ್ಟಿಗೆ ಕೊಟ್ಟ ದುಡ್ಡು ಹೋಯಿತೆಂಬ ಸಂಕಟ ನಮ್ಮವರಲ್ಲಿ ಜೋರು, ಅದನ್ನೂ ಬಲ್ಲೆ.

ಆ ಮಗುವಿನ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇದು ಇನ್ನೊಂದು ಮೋಸ. ಎಳೆಯ ಮಕ್ಕಳ ಈ ಬಗೆಯ ಬಿರುಕು ಕೂದಲೆಳೆಯಷ್ಟಿರುವುದರಿಂದ ಮೊದಲ ದಿನ ಚಿತ್ರಕ್ಕೆ ಸಿಗದೆ, ವಾರ-ಹತ್ತು ದಿನದ ಮೇಲೆ ಹೊಸ ಮೂಳೆ ಕೂಡಲು ಶುರುವಾದಾಗ ಕಾಣುವುದುಂಟು. ಎಕ್ಸ್‌ರೇ ಸರಿಯಿದೆ, ಆದರೆ ಮಗು ಕಾಲೂರುತ್ತಿಲ್ಲ ಎಂದಾದರೆ ಮಗುವನ್ನೇ ನಂಬಬೇಕು. ವೈದ್ಯರು ಹಾಗೇ ಮಾಡಿದರು: ಪಟ್ಟಿ ಹಾಕಿ, ಮೈಸೂರಿಗೆ ಹೋದ ಮೇಲೆ ಮತ್ತೊಮ್ಮೆ ಎಕ್ಸ್‌ರೇ ತೆಗೆಸಲು ಬರೆದುಕೊಟ್ಟರು. ಅಲ್ಲಿ ಬಿರುಕು ಕಂಡಿತು. ಮೂರು-ನಾಲ್ಕು ವಾರದಲ್ಲಿ ಕೂಡಿಕೊಳ್ಳುವ ಮೂಳೆ ಅದು. ಪಟ್ಟಿ ಬಿಚ್ಚಿದ ಮೇಲೂ ಕೆಲವು ವಾರ ಕುಂಟುತ್ತಾ ನಡೆಯುವುದು ಸಹಜ. ಎಣ್ಣೆ ಹಾಕಿ ತಿಕ್ಕಬೇಡಿ, ನಡೆ ನಡೆ ಎಂದು ಗದರಬೇಡಿ ಎಂದಷ್ಟೇ ಹೇಳಿದ್ದೆ. ಎಳೆ ಮಕ್ಕಳಿಗೆ ಇದಕ್ಕೆಲ್ಲ ಫಿಸಿಯೋಥೆರಪಿ ಬೇಕಾಗುವುದೇ ಇಲ್ಲ, ಆಡುತ್ತಾ ತಾವೇ ಸರಿಯಾಗುತ್ತಾರೆ. ಇದು ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತು, ಆದರೂ ನಿಜ.

ದೊಡ್ಡ ಮಕ್ಕಳ, ದೊಡ್ಡವರ ಪೆಟ್ಟುಗಳ ಹಿಂದೆಯೂ ಇದೇ ಪಾದ ಇರುತ್ತದೆ. ವೇಗ ಹೆಚ್ಚಾಯಿತು ಎನ್ನಿಸಿದಾಗ ಕಾಲು ತಾನಾಗಿ ಹೊರಗೆ ಚಾಚುತ್ತದೆ, ಹಿಮ್ಮಡಿ ನೆಲಕ್ಕೆ ಊರುತ್ತದೆ. ಅದು ಬ್ರೇಕಿನ ಕೆಲಸ ಮಾಡುವುದಿಲ್ಲ. ಕಾಲು ಹಿಂದಕ್ಕೆ ಹೋಗುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಕೀಲು ನಡುವೆ ಸಿಕ್ಕಿಕೊಳ್ಳುತ್ತದೆ. ಲೂಜ್ ಬಂಡಿಗೆ ಹ್ಯಾಂಡಲಿನಲ್ಲಿ ನಿಜವಾದ ಬ್ರೇಕ್ ಇದೆ. ಅಲ್ಲಿಯೂ ಗಾಬರಿಯಾದವರು ಬ್ರೇಕ್ ಮರೆತು ಕಾಲನ್ನೇ ಇಳಿಬಿಡುತ್ತಾರೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು, ಮೇಲೆ ಸಿಬ್ಬಂದಿ ತೋರಿಸಿಕೊಡುವಾಗ ಮೊಬೈಲ್ ಚೀಲದೊಳಗಿಟ್ಟು ಬ್ರೇಕನ್ನು ನಾಲ್ಕಾರು ಬಾರಿ ಹಿಡಿದು ಬಿಟ್ಟು ಕೈಗೆ ರೂಢಿ ಮಾಡಿಸಿ ಎಂದು. ಬ್ರೇಕಿಲ್ಲದ ಟ್ಯೂಬು, ಸ್ಲೆಡ್ ಆದರೆ ಕೂತೇ ಹೋಗಬೇಕು, ಕಾಲು ಮುಂದೆ ಇರಬೇಕು, ಕೈಕಾಲು ಒಳಗಿರಬೇಕು. ಬೋರಲು ಮಲಗಿ ತಲೆ ಮುಂದಾಗಿ ಹೋಗುವುದು ಯಾವ ಕಾರಣಕ್ಕೂ ಬೇಡ. ಸ್ಲೆಡ್ ಗುರಿ ತಪ್ಪಿತೆಂದರೆ ಹಿಡಿದು ನಿಲ್ಲಿಸಲು ಹೋಗದೆ ಬದಿಗೆ ಹೊರಳಿ ಬಿದ್ದುಬಿಡುವುದು ಮೇಲು.

ಈ ವೇಗ ಎಷ್ಟೆಂದು ಜನ ಯೋಚಿಸುವುದಿಲ್ಲ. ಮನೆಯ ಒಂದು ಮಹಡಿಯಷ್ಟು, ಅಂದರೆ ಮೂರು ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಜಾರಿದರೆ ಬುಡಕ್ಕೆ ಬರುವಾಗ ಗಂಟೆಗೆ 27 ಕಿಲೋಮೀಟರಿಗೂ ಹೆಚ್ಚು ವೇಗವಿರುತ್ತದೆ. ಐದು ಮೀಟರಾದರೆ 35. ಹುಲ್ಲಿನ ಒರಟು ಇದನ್ನು ತಗ್ಗಿಸುತ್ತದೆ, ಆದರೆ ಮಳೆ ಬಿದ್ದ ಮರುಗಳಿಗೆ ಅಷ್ಟು ತಗ್ಗಿಸುವುದಿಲ್ಲ. ಮಲೇಷ್ಯಾದಲ್ಲಿ ಸಂಜೆಯ ಮಳೆ ಸಾಮಾನ್ಯ.

ಇಳಿಜಾರು ಎಷ್ಟು ಕಡಿದಾಗಿದೆ ಎಂದು ಎಲ್ಲರೂ ನೋಡುತ್ತಾರೆ. ಅದು ಎಲ್ಲಿ ಹೋಗಿ ಮುಗಿಯುತ್ತದೆ ಎಂದು ನೋಡುವವರು ಕಡಿಮೆ. ಇಲ್ಲಿನ ಎಷ್ಟೋ ಬಡಾವಣೆಗಳು ಗುಡ್ಡ ಕಡಿದು ಮಾಡಿದವು. ಕಡಿದ ಮೈಗೆ ಹುಲ್ಲು ಹಾಸಿ, ಮಳೆನೀರು ಹರಿಯಲು ಬುಡದಲ್ಲಿ ಉದ್ದಕ್ಕೂ ಕಾಂಕ್ರೀಟ್ ಚರಂಡಿ ಕಟ್ಟಿರುತ್ತಾರೆ. ಅದಕ್ಕೆ ಇಲ್ಲಿ ಲೊಂಗ್ಕಾಂಗ್ ಎನ್ನುತ್ತಾರೆ. ಮಕ್ಕಳಿಗೆ ಮೇಲಿನಿಂದ ಕಾಣುವುದು ಹಸಿರು ಹುಲ್ಲು ಮಾತ್ರ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಹರಿದು ಹಾಸಿ ಮೂವರು ಒಟ್ಟಿಗೆ ಕೂರುತ್ತಾರೆ. ಮುಂದೆ ಕೂತವನು ಚರಂಡಿಯ ಅಂಚಿಗೆ ಹೋಗಿ ಬಡಿಯುತ್ತಾನೆ, ಹಿಂದಿನಿಬ್ಬರು ಅವನ ಮೇಲೆ. ನಾನು ಹೇಳಿದ ಹನ್ನೆರಡರ ಹುಡುಗನ ಮಣಿಕಟ್ಟು ಹಾಗೆ ಹೋದದ್ದು. ಕೈ ಮುಂದೆ ಚಾಚಿದ್ದರಿಂದ ಹಲ್ಲು ಉಳಿಯಿತು ಎಂದು ಅವನ ಅಮ್ಮ ದೇವರಿಗೆ ಹರಕೆ ಒಪ್ಪಿಸಿದರು.

ಅದೇ ಬಡಾವಣೆಯ ನಾವು ಕೆಲವರು ಸೇರಿ ಮಕ್ಕಳಿಗೆ ಜಾರುವುದನ್ನು ನಿಲ್ಲಿಸಿ ಎನ್ನಲಿಲ್ಲ, ಎಂದರೂ ಕೇಳುವವರಲ್ಲ. ಬುಡದಲ್ಲಿ ಸಮತಟ್ಟಾದ ಆಟದ ಮೈದಾನವಿರುವ ಇನ್ನೊಂದು ದಿಬ್ಬ ಹುಡುಕಿಕೊಟ್ಟೆವು. ತನ್ನಷ್ಟಕ್ಕೇ ನಿಲ್ಲುವವರೆಗೆ ಜಾಗವಿರಬೇಕು, ಮರ, ಕಂಬ, ಬೇಲಿ, ರಸ್ತೆ, ಚರಂಡಿ ಯಾವುದೂ ಎದುರಿಗಿರಬಾರದು. ಒಬ್ಬ ಇಳಿದು ಪೂರ್ತಿ ಬದಿಗೆ ಸರಿದ ಮೇಲೆ ಇನ್ನೊಬ್ಬ. ಹತ್ತುವವರು ಜಾರುವ ದಾರಿಯಲ್ಲಿ ಹತ್ತಬಾರದು. ಸೈಕಲ್ ಹೆಲ್ಮೆಟ್ ಇದ್ದರೆ ಹಾಕಲಿ. ಮನೆಮನೆಯಲ್ಲೂ ಇರುವ ಮೋಟರ್‌ಬೈಕಿನ ಹೆಲ್ಮೆಟ್ಟು ಚಿಕ್ಕವರ ಕತ್ತಿಗೆ ಭಾರ.

ಅಡಿಕೆ ಹಾಳೆಯ ವಿಷಯ ಹೇಳದೆ ಹೋದರೆ ಬದಿಯಡ್ಕದವಳಾಗಿ ನನಗೆ ಸಮಾಧಾನವಿಲ್ಲ. ತೋಟದಲ್ಲಿ ಅಡಿಕೆ ಸೋಗೆ ಬಿದ್ದ ಸದ್ದಿಗೆ ಓಡಿದ ಬಾಲ್ಯ ನಮ್ಮದು. ಅಗಲವಾದ ಹಾಳೆಯ ಮೇಲೆ ಒಬ್ಬರು ಕೂತು, ಸೋಗೆಯ ದಂಟು ಹಿಡಿದು ಇನ್ನೊಬ್ಬರು ಎಳೆಯುವುದು. ತುಳುನಾಡಿನ ಕೆಸರುಗದ್ದೆಯ ಕ್ರೀಡಾಕೂಟಗಳಲ್ಲಿ ಈಗಲೂ ಇದರ ಸ್ಪರ್ಧೆ ನಡೆಯುತ್ತದೆ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಕಾಂಪುಂಗ್‌ನಲ್ಲಿ, ಅಂದರೆ ಹಳ್ಳಿಯಲ್ಲಿ, ಮೆರ್ಡೆಕಾ ಎಂಬ ಸ್ವಾತಂತ್ರ್ಯೋತ್ಸವದ ತಿಂಗಳ ಆಟೋಟಕ್ಕೆ ಕರೆದಿದ್ದರು. ನೋಡಿದರೆ ಅದೇ ಹಾಳೆ, ಅದೇ ಎಳೆತ, ಅದೇ ಬೊಬ್ಬೆ. ಮಲಯರ ಹಳೆಯ ಆಟ, ತಾರಿಕ್ ಉಪಿಹ್. ಹಿಮ ಕಾಣದ ನಾಡಿನವರ ಸ್ಲೆಡ್ ಇದೇ ಎಂದು ನನಗೆ ಅನ್ನಿಸಿದ್ದು ಆಗ.

ಹಾಳೆ ಎಳೆಯುವ ಆಟ ಸ್ವಭಾವತಃ ಸುರಕ್ಷಿತ. ಎಳೆಯುವವನ ಓಟಕ್ಕಿಂತ ಹೆಚ್ಚು ವೇಗ ಬರುವುದಿಲ್ಲ. ಅವನು ದಣಿದರೆ ಅದೂ ನಿಲ್ಲುತ್ತದೆ. ಕೂತವನು ನೆಲಕ್ಕೆ ಅಷ್ಟು ಹತ್ತಿರವಿರುವುದರಿಂದ ಉರುಳಿದರೂ ಮೊಣಕೈ ತರಚುವುದಷ್ಟೆ. ಇದೆಲ್ಲ ಎಳೆಯುವವನು ಮನುಷ್ಯನಾಗಿರುವವರೆಗೆ. ಆಟೋಟ ಮುಗಿದು ದೊಡ್ಡವರು ಊಟಕ್ಕೆ ಕೂತಾಗ ಹದಿಹರೆಯದ ಹುಡುಗರಿಬ್ಬರು ಹಾಳೆಗೆ ಹಗ್ಗ ಕಟ್ಟಿ ಮೋಟರ್‌ಬೈಕಿನ ಹಿಂದಕ್ಕೆ ಬಿಗಿದರು. ಕೂತದ್ದು ಏಳು ವರ್ಷದ ತಮ್ಮ. ನೇರ ಹೋಗುವಾಗ ಏನೂ ಆಗಲಿಲ್ಲ. ಬೈಕ್ ತಿರುಗಿದಾಗ ಹಗ್ಗದ ತುದಿಯ ಹಾಳೆ ಕವಣೆಯ ಕಲ್ಲಿನಂತೆ ಹೊರಕ್ಕೆ ಬೀಸಿತು. ಬೈಕಿನವನಿಗೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಕೂತವನ ಕೈಯಲ್ಲಿ ಏನೂ ಇಲ್ಲ. ವಾಹನಕ್ಕೆ ಕಟ್ಟಿ ಸ್ಲೆಡ್ ಎಳೆಯಬಾರದೆಂದು ಹಿಮದ ದೇಶಗಳ ವೈದ್ಯರು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಹುಡುಗ ಕೈ ಊರಿ ಬಿದ್ದಿದ್ದ. ಮೊಣಕೈ ನೋಡುನೋಡುತ್ತ ಊದಿತು. ಈ ವಯಸ್ಸಿನಲ್ಲಿ ಮೊಣಕೈಯ ಮೇಲ್ಭಾಗ ಮುರಿಯುವುದು ತೀರ ಸಾಮಾನ್ಯ, ಅಷ್ಟೇ ಅಪಾಯಕಾರಿ ಕೂಡ, ಏಕೆಂದರೆ ಕೈಗೆ ರಕ್ತ ಹರಿಸುವ ನಾಳವೂ ನರಗಳೂ ಆ ಮೂಳೆಯ ಮುಂದೆಯೇ ಹಾದುಹೋಗುತ್ತವೆ. ಕೈ ಹೇಗಿದೆಯೋ ಹಾಗೇ ಇಡಬೇಕು. ನೇರ ಮಾಡಲು ಎಳೆದರೆ ಮೂಳೆಯ ತುದಿ ನಾಳಕ್ಕೆ ಚುಚ್ಚಬಹುದು. ಕಟ್ಟಲು ಏನಿದೆ ಎಂದು ಸುತ್ತ ನೋಡಿದರೆ ಹಾಳೆಗಳು ರಾಶಿ ಬಿದ್ದಿದ್ದವು. ಒದ್ದೆಯಾದ ಹಾಳೆ ಬೇಕಾದ ಹಾಗೆ ಬಾಗುತ್ತದೆ, ಆದರೆ ಜಗ್ಗುವುದಿಲ್ಲ. ಒಂದನ್ನು ಅಳತೆಗೆ ಸೀಳಿ, ಒಳಗೆ ಮೆತ್ತನೆ ಬಟ್ಟೆ ಇಟ್ಟು, ಮೊಣಕೈಯ ಮೇಲೂ ಕೆಳಗೂ ಶಾಲಿನಿಂದ ಸಡಿಲವಾಗಿ ಕಟ್ಟಿದೆ. ಮಡಚಿದ ದಪ್ಪ ಪತ್ರಿಕೆಯಿಂದಲೂ ಇದೇ ಕೆಲಸ ಆಗುತ್ತದೆ. ಕಟ್ಟುವ ಮೊದಲು ಮತ್ತು ಕಟ್ಟಿದ ಮೇಲೆ ಮಣಿಕಟ್ಟಿನ ನಾಡಿ, ಬೆರಳುಗಳ ಬಣ್ಣ, ಬಿಸಿ ನೋಡಬೇಕು. ಹೆಬ್ಬೆರಳು-ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸು ಎಂದೆ, ಮಾಡಿದ. ನರ ಸದ್ಯಕ್ಕೆ ಸರಿಯಿದೆ ಎಂದು ಸ್ವಲ್ಪ ಉಸಿರು ಬಂತು.

ಅಷ್ಟರಲ್ಲಿ ಇಬ್ಬರು ಬಂದರು. ಒಬ್ಬರು ಮಾಕ್ ಚಿಕ್, ಅಂದರೆ ಚಿಕ್ಕಮ್ಮನಂಥವರು, ಕೈಯಲ್ಲಿ ದೊಡ್ಡ ಲೋಟದಲ್ಲಿ ಮೈಲೋ ಎಂಬ ಚಾಕೊಲೇಟ್ ಪೇಯ. ಅಳುವ ಮಗುವಿಗೆ ಮೈಲೋ ಕೊಡದ ಮನೆ ಈ ದೇಶದಲ್ಲಿಲ್ಲ. ಶಸ್ತ್ರಚಿಕಿತ್ಸೆ ಆಗಬಹುದಾದ ಮಗುವಿನ ಹೊಟ್ಟೆ ಖಾಲಿಯಿರಬೇಕು, ಈಗ ಕುಡಿಸಿದರೆ ಅರಿವಳಿಕೆ ಕೊಡುವುದು ತಡವಾಗುತ್ತದೆ ಎಂದು ಒಪ್ಪಿಸಲು ನನ್ನ ಮಲಯ ಭಾಷೆಯೆಲ್ಲ ಖರ್ಚಾಯಿತು. ಇನ್ನೊಬ್ಬರು ಪಾಕ್ ಚಿಕ್, ಅಂದರೆ ಚಿಕ್ಕಪ್ಪನಂಥವರು. ಪಕ್ಕದ ಹಳ್ಳಿಯಲ್ಲಿ ಮುರಿದ ಮೂಳೆಗೆ ಉರುತ್ ಮಾಡುವವರಿದ್ದಾರೆ, ಅಕ್ಕಾ, ಮೊದಲು ಅಲ್ಲಿಗೆ ಹೋಗೋಣ ಎಂದರು. ಉರುತ್ ಅಂದರೆ ಎಣ್ಣೆ ಹಚ್ಚಿ ನೀವುವುದು. ನಮ್ಮವರು ಬೇರೆಯೇನಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿ ಪುತ್ತೂರು ಕಟ್ಟಿನ ಬೋರ್ಡುಗಳಿವೆಯಲ್ಲ, ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರು ಅಲ್ಲ, ಆಂಧ್ರದ್ದು ಎಂದು ಎಷ್ಟು ಜನರಿಗೆ ವಿವರಿಸಿದ್ದೇನೋ. ಹಳಬರ ವಿದ್ಯೆಯನ್ನು ನಾನು ಹೀಗಳೆಯುವುದಿಲ್ಲ. ಹಳೆ ಉಳುಕಿಗೆ ನೀವಿಸಿಕೊಂಡು ಸುಖ ಕಂಡವರಿದ್ದಾರೆ. ಆದರೆ ಹೊಸ ಮುರಿತಕ್ಕೆ ಕೈ ಹಾಕಬಾರದು, ಬಿಗಿ ಕಟ್ಟಂತೂ ಕೂಡದು. ಊದುತ್ತಿರುವ ಕೈಗೆ ಬಿಗಿದು ಕಟ್ಟಿದರೆ ಒಳಗಿನ ಒತ್ತಡಕ್ಕೆ ರಕ್ತ ನಿಂತು ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಮೊಣಕೈಯನ್ನು ತಿಕ್ಕಿದರೆ ಮತ್ತೊಂದು ಅಪಾಯ, ಸ್ನಾಯುವಿನೊಳಗೆ ಮೂಳೆ ಬೆಳೆದು ಕೈ ಮಡಚದಂತಾಗುತ್ತದೆ. ಅಂಥ ಕೈಗಳನ್ನು ಮಂಗಳೂರಿನಲ್ಲಿ ಕಲಿಯುವಾಗಲೇ ನೋಡಿದ್ದೆ.

999ಕ್ಕೆ ಕರೆ ಮಾಡಿದೆವು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಇಲ್ಲಿ ಅದೊಂದೇ ಸಂಖ್ಯೆ. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಂಪು, ಹಳದಿ, ಹಸಿರು ಎಂದು ವಲಯಗಳಿವೆ. ಯಾರು ಮೊದಲು ಬಂದರು ಎನ್ನುವುದಕ್ಕಿಂತ ಯಾರ ಸ್ಥಿತಿ ಎಷ್ಟು ಗಂಭೀರ ಎಂಬುದರ ಮೇಲೆ ಸರದಿ. ಹುಡುಗನನ್ನು ನೋಡಿದ ತರುಣ ವೈದ್ಯರು ನನ್ನ ಹೆಸರು ಕೇಳಿ, ಊರು ಕೇಳಿ, "ಎಲ್ಲಿ ನೋವು? ಎಷ್ಟು ಹೊತ್ತಾಯಿತು?" ಎಂದು ಕನ್ನಡದಲ್ಲಿ ಕೇಳಿ ನಕ್ಕರು. 1997ರಲ್ಲಿ ಶುರುವಾದ ಮಲಕ್ಕಾ ಮಣಿಪಾಲ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಓದಿನ ಮೊದಲ ಭಾಗ ನಮ್ಮ ಮಣಿಪಾಲದಲ್ಲಿ ಆಗುತ್ತಿದ್ದುದರಿಂದ ಮಲೇಷ್ಯಾದ ಆಸ್ಪತ್ರೆಗಳಲ್ಲಿ ಇಂಥ ನಾಲ್ಕು ಮಾತಿನ ಕನ್ನಡ ಬಲ್ಲ ವೈದ್ಯರು ಆಗಾಗ ಸಿಗುತ್ತಾರೆ. ಹಾಳೆಯ ಕಟ್ಟನ್ನು ಬಿಚ್ಚುವಾಗ ಅವರು ಫೋಟೋ ತೆಗೆದುಕೊಂಡರು. ರಾತ್ರಿಯೇ ಸಣ್ಣ ತಂತಿಗಳನ್ನು ಹಾಕಿ ಮೂಳೆ ಕೂರಿಸಿದರು. ನಾಲ್ಕು ವಾರದೊಳಗೆ ತಂತಿ ತೆಗೆದರು. ಆಮೇಲೆ ನನ್ನ ಪಾಲಿಗಿದ್ದ ಕೆಲಸವೆಂದರೆ ಆ ಮೊಣಕೈಯನ್ನು ಹಿಡಿದು ಮಡಚುವವರನ್ನೆಲ್ಲ ತಡೆಯುವುದು. ಅವನೇ ಅನ್ನ ಉಂಡು, ಚೆಂಡು ಎಸೆದು ಸರಿ ಮಾಡಿಕೊಂಡ.

ಅಜ್ಜಿಯರ ವಿಷಯ ಬೇರೆ. ಹಿಮದ ಹಾಲ್‌ನಲ್ಲಿ ಸೀರೆಯ ಮೇಲೆ ಬಾಡಿಗೆ ಜಾಕೆಟ್ಟು, ಅಳತೆಗೆ ಸರಿಯಿಲ್ಲದ ಬಾಡಿಗೆ ಬೂಟು, ಹೊರಗಿನ ಸೆಕೆಯಿಂದ ಬಂದ ಕೂಡಲೇ ಮಂಜು ಹಿಡಿದ ಕನ್ನಡಕ. ಜಾರುವ ಮೊದಲೇ ಬೀಳಲು ಇಷ್ಟು ಸಾಕು. ಜಾರುದಾರಿಯಲ್ಲಿ ಒಂದು ಉಬ್ಬಿನ ಮೇಲೆ ಕುಕ್ಕರಿಸಿದರೆ ಸಾಮಾನ್ಯವಾಗಿ ನೋಯುವುದು ಬಾಲಮೂಳೆ. ಅದಕ್ಕೆ ದೊಡ್ಡ ಚಿಕಿತ್ಸೆಯಿಲ್ಲ: ಹಿಂಭಾಗ ಕತ್ತರಿಸಿದ ದಿಂಬು, ಮುಂದೆ ಬಾಗಿ ಕೂರುವುದು, ಮಲಬದ್ಧತೆ ಆಗದಂತೆ ನೀರು, ಸೊಪ್ಪು, ಕೆಲವು ವಾರಗಳ ತಾಳ್ಮೆ. ಆದರೆ ಅರವತ್ತು ದಾಟಿದವರಿಗೆ ನೋವು ಮೇಲೆ, ಸೊಂಟಕ್ಕೂ ಬೆನ್ನಿನ ನಡುವಿಗೂ ಮಧ್ಯೆ ಬಂದು, ಮಗ್ಗುಲು ಬದಲಿಸಲಾಗದಿದ್ದರೆ ಎಕ್ಸ್‌ರೇ ಆಗಲೇಬೇಕು. ಸವೆದ ಮೂಳೆಯ ಕಶೇರು ಕುಕ್ಕಿದ ಪೆಟ್ಟಿಗೆ ಕುಸಿಯುತ್ತದೆ. ವಾಯು ಎಂದು ಮುಲಾಮು ತಿಕ್ಕುತ್ತ ವಿಮಾನದಲ್ಲಿ ನಾಲ್ಕು ಗಂಟೆ ಕೂತು ಬೆಂಗಳೂರಿಗೆ ಹೋದವರನ್ನು ಬಲ್ಲೆ. ಸೆರಗು, ದುಪಟ್ಟಾ, ಮಫ್ಲರ್ ಮೂರೂ ಜಾಕೆಟ್ಟಿನೊಳಗೆ ಹೋಗಬೇಕು. ಚಕ್ರದ ಬಂಡಿಯಲ್ಲಿ ಇದು ಪ್ರಾಣದ ಪ್ರಶ್ನೆ.

ತಲೆಯ ಪೆಟ್ಟಿಗೆ ಬಂದರೆ ನನ್ನ ಧ್ವನಿ ಗಟ್ಟಿಯಾಗುತ್ತದೆ. ಒಹಾಯೊದ ನೇಷನ್‌ವೈಡ್ ಮಕ್ಕಳ ಆಸ್ಪತ್ರೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1997ರಿಂದ 2007ರವರೆಗೆ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಸ್ಲೆಡ್ ಪೆಟ್ಟಿನಿಂದ ಬಂದ ಮಕ್ಕಳು ಸುಮಾರು 2,29,000. ಅವರಲ್ಲಿ ಮೂರನೇ ಒಂದು ಭಾಗದವರಿಗೆ ಪೆಟ್ಟಾದದ್ದು ತಲೆಗೆ. ತಲೆ ಬಡಿದ ಮಗುವನ್ನು ಆ ದಿನ ಮತ್ತೆ ಮೇಲೆ ಕಳಿಸಬಾರದು, "ಏನೂ ಆಗಿಲ್ಲ ಚಿಕ್ಕಮ್ಮಾ" ಎಂದು ಎಷ್ಟೇ ಕುಣಿದರೂ. ಒಂದಕ್ಕಿಂತ ಹೆಚ್ಚು ಸಲ ವಾಂತಿ, ಎಬ್ಬಿಸಿದರೆ ಏಳದ ಮಂಪರು, ಹೆಚ್ಚುತ್ತಲೇ ಹೋಗುವ ತಲೆನೋವು, ಮಾತು ತೊದಲುವುದು, ಫಿಟ್ಸ್, ಕಿವಿ-ಮೂಗಿನಿಂದ ತಿಳಿನೀರು, ಕಣ್ಣಿನ ಪಾಪೆಗಳು ಒಂದೊಂದು ಗಾತ್ರ: ಇದರಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆ. ಕುತ್ತಿಗೆ ನೋವು, ಕೈಕಾಲು ಜೋಮು ಎಂದರೆ ಎತ್ತಿ ಕೂರಿಸಲು ಹೋಗದೆ ಮಲಗಿದಲ್ಲೇ ತಲೆ ಅಲುಗದಂತೆ ಹಿಡಿದು ಆಂಬುಲೆನ್ಸಿಗೆ ಕಾಯಬೇಕು. ಇವು ಯಾವುವೂ ಇಲ್ಲದಿದ್ದರೆ ಮಗು ಎಂದಿನ ಹೊತ್ತಿಗೆ ಮಲಗಲಿ, ರಾತ್ರಿ ಒಂದೆರಡು ಬಾರಿ ಎಬ್ಬಿಸಿ ಹೆಸರು ಕೇಳಿದರೆ ಸಾಕು. ನಿದ್ದೆಯನ್ನೇ ಕೊಡದೆ ಕೂರಿಸುವುದು ಹಳೆಯ ಹೆದರಿಕೆ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನಕ್ಕೆ ಶಾಲೆ, ಕೊನೆಗೆ ಆಟ.

ಉಳುಕಿಗೆ, ಊತಕ್ಕೆ ಐಸು ಬೇಕಾದಾಗ ಈ ದೇಶದಲ್ಲಿ ಪರದಾಡಬೇಕಿಲ್ಲ. ಮಾಮಕ್ ಎಂಬ ತಮಿಳು ಮುಸ್ಲಿಮರ ಯಾವ ಹೋಟೆಲಿನಲ್ಲಿ ಕೇಳಿದರೂ ಪಾನೀಯ ಕಟ್ಟಿಕೊಡುವ ಪ್ಲಾಸ್ಟಿಕ್ ಚೀಲದಲ್ಲಿ ಬರೀ ಐಸು ಬುಂಗ್ಕುಸ್, ಅಂದರೆ ಪೊಟ್ಟಣ, ಮಾಡಿಕೊಡುತ್ತಾರೆ. ಬಟ್ಟೆ ಸುತ್ತಿ ಹದಿನೈದು ನಿಮಿಷ ಇಟ್ಟು ತೆಗೆಯಬೇಕು. ಖರ್ಚಿನ ಮಾತೂ ಬಂತು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಲ್ಲಿನ ನಾಗರಿಕರು ಕೊಡುವುದು ಒಂದು ರಿಂಗಿಟ್. ವಿದೇಶಿಯರಿಗೆ ಪೂರ್ತಿ ದರ. ಖಾಸಗಿಯವರು ಒಳಸೇರಿಸುವ ಮೊದಲು ಠೇವಣಿ ಅಥವಾ ವಿಮಾ ಕಂಪನಿಯ ಗ್ಯಾರಂಟಿ ಲೆಟರ್ ಕೇಳುತ್ತಾರೆ. ಪ್ರವಾಸದ ವಿಮೆ ಕೊಳ್ಳುವಾಗ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ, ಟ್ಯೂಬು-ಲೂಜುಗಳನ್ನು ಅದರಲ್ಲಿ ಸೇರಿಸಿದ್ದಾರೆಯೇ ಎಂದು ಸಣ್ಣ ಅಕ್ಷರ ಓದಿ.

ಕೊನೆಗೆ ಚರ್ಮ. ಪ್ಲಾಸ್ಟಿಕ್, ಹುಲ್ಲು, ಮಣ್ಣಿಗೆ ಉಜ್ಜಿ ಕಿತ್ತ ಚರ್ಮವನ್ನು ಜನ ಗಾಯವೆಂದೇ ಎಣಿಸುವುದಿಲ್ಲ. ಹಿಮದ ಹಾಲ್‌ನಲ್ಲಿ, ನೀರಿನ ಜಾರುದಾರಿಯಲ್ಲಿ ಆದ ತರಚು ತೊಳೆದರೆ ಮುಗಿಯಿತು. ಬಯಲಿನ ಕೆಸರಿನಲ್ಲಿ ಆದದ್ದು ಹಾಗಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ, ಒಳಗೆ ಕೂತ ಮಣ್ಣಿನ ಕಣ ಹೋಗುವವರೆಗೆ ತೊಳೆಯಬೇಕು, ಮಗು ಎಷ್ಟೇ ಕಿರುಚಲಿ. ಅರಿಸಿನ, ಗಾಮಾತ್ ಎಂಬ ಇಲ್ಲಿನ ನಾಟಿ ಎಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೋಡಬೇಕು. ಇಲ್ಲಿನ ಮಣ್ಣು-ನೀರಿನಲ್ಲಿ ಇಲಿಜ್ವರದ ಸೋಂಕಿದೆ, ಕೆಂಚಿಂಗ್ ತಿಕುಸ್ ಎಂದು ಎಲ್ಲರಿಗೂ ಗೊತ್ತು. ಅದರ ಜೊತೆ ಮೆಲಿಯೊಯ್ಡೋಸಿಸ್ ಎಂಬ ಮಣ್ಣಿನ ಸೋಂಕೂ ಇದೆ, ಸಕ್ಕರೆ ಕಾಯಿಲೆಯವರಿಗೆ ಅದು ಮಾರಕವಾಗಬಹುದು. ಮಣಿಪಾಲದ ವೈದ್ಯರು ನಮ್ಮ ಕರಾವಳಿಯಲ್ಲೂ ಇದನ್ನು ಪತ್ತೆ ಮಾಡಿ ಬರೆದಿದ್ದಾರೆ. ಎರಡೂ ತಕ್ಷಣ ಕಾಣುವುದಿಲ್ಲ. ವಾರವೋ, ಎರಡು-ಮೂರು ವಾರವೋ ಕಳೆದು ಜ್ವರ ಬರುತ್ತದೆ. ಅಷ್ಟು ಹೊತ್ತಿಗೆ ನೀವು ಜಯನಗರದ ಮನೆಯಲ್ಲಿರುತ್ತೀರಿ, ವೈದ್ಯರು ಡೆಂಗಿಯ ರಕ್ತಪರೀಕ್ಷೆ ಬರೆಯುತ್ತಾರೆ. ಮಲೇಷ್ಯಾದಲ್ಲಿ ಕೆಸರಿನ ಇಳಿಜಾರಿನಲ್ಲಿ ಜಾರಿ ಮೈ ತರಚಿತ್ತೆಂದು ಅವರಾಗಿ ಕೇಳುವುದಿಲ್ಲ, ನೀವೇ ಹೇಳಬೇಕು.